ಎರಡನೇ ದಿನದ ಪುಟ

ಇಲ್ಲ, ಇಲ್ಲ, ಇನ್ನು ನಗೋದಿಲ್ಲ. ನೋಡಿ, ಬಾಯಿಗೆ ಸೆರಗು ಇಟ್ಕೊಂಡೆ... ಆದ್ರೆ ನೀವೇ ಒಂದ್ಸಲ ಆ ಕನ್ನಡಿಯಲ್ಲಿ ನೋಡ್ಕೊಳ್ಳಿ ಮಾರಾಯ್ರೆ! ಶಾಂತಾರಾಮ ಹೆಗಡೆಯವರ ಮೀಸೆ ಅಂದ್ರೆ ವರ್ಕ್‌ಶಾಪಿನ ಹುಡುಗರು ಲೇತ್ ಮಷೀನಿಗಿಂತ ಹೆಚ್ಚು ಹೆದರ್ತಿದ್ರು. ಹತ್ತು ದಿನ ಗಡ್ಡ ಬಿಟ್ಟವರು, ನಿನ್ನೆ ಕುಮಟೆಯಲ್ಲಿ ಕ್ಷೌರಕ್ಕೆ ಅಂತ ಹೋಗಿ ಮೀಸೆಯನ್ನೂ ಅಲ್ಲೇ ಬಿಟ್ಟು ಬಂದ್ರಿ. ಅವನ ಕೈ ತಪ್ಪಿತು ಅಂದ್ರಿ. ಎರಡೂ ಕಡೆ ತಪ್ಪಿತಾ? ಮದುವೆಯಾಗಿ ನಲವತ್ತು ವರ್ಷದಲ್ಲಿ ಈ ಮುಖ ಹೀಗೆ ನೋಡಿದ್ದು ಒಂದೇ ಸಲ, ನಿಮ್ಮ ಅಣ್ಣ ತೀರಿ... ಇರಲಿ ಬಿಡಿ. ನೀರು ಬೇಕಾ? ಒಳಗೆ ಸೆಕೆ.

ಎಲ್ಲಿಗೆ ಎದ್ರಿ? ಕೂತ್ಕೊಳ್ಳಿ. ನೀವು ಹೋಗಿ ನೋಡಿದ ಕೂಡ್ಲೆ ಲಾರಿ ಏಳ್ತದಾ? ಪೊಲೀಸಿನವ ಹೇಳಿ ಹೋದ್ನಲ್ಲ, ಕ್ರೇನು ಕುಮಟೆಯಿಂದ ಬರಬೇಕು ಅಂತ. ಮೇಲಿನ ತಿರುವಿನಲ್ಲಿ ಜಲ್ಲಿ ಲಾರಿ ಮಗ್ಗುಲಾಗಿ ಮಲಗಿದೆ, ಮುಂದೆ ಹದಿನಾಲ್ಕು ಗಾಡಿ, ಹಿಂದೆ ಹುಬ್ಬಳ್ಳಿ ಬಸ್ಸು. ದೇವಿಮನೆ ಘಟ್ಟದಲ್ಲಿ ಇಷ್ಟುದ್ದದ ಗಾಡಿ ತಿರುಗಿಸಲಿಕ್ಕೂ ಆಗೋದಿಲ್ಲ. ಮತ್ತೆ ನೀವು ಇಳಿದ್ರೆ ನಾನೊಬ್ಬಳೇ ಇದರೊಳಗೆ... ನೋಡಿ, ನನ್ನ ಬಾಗಿಲು ಗುಡ್ಡಕ್ಕೆ ಅಂಟಿಕೊಂಡಿದೆ. ಕಿಟಕಿ ಇಳಿಸಿದ್ರೆ ಜರಿಗಿಡ ಮಡಿಲಿಗೆ ಬರ್ತದೆ. ಹಿಂದಿನ ಜಾರುಬಾಗಿಲೂ ಇದೇ ಮಗ್ಗುಲಿಗೆ. ಮೂರು ವರ್ಷ ಕೂತು ಹಳೇ ಟೆಂಪೊ ಟ್ರಾವೆಲರನ್ನ ಕ್ಯಾರವಾನ್ ಮಾಡಿದ್ರಿ. ಮಂಚ ಮಾಡಿದ್ರಿ, ಒಲೆ ಇಟ್ರಿ, ಸಿಂಕಿಗೆ ನಲ್ಲಿ ಕೂಡಾ ಇಟ್ರಿ. ಬಲಗಡೆ ಒಂದು ಬಾಗಿಲು ಇಡಬೇಕು ಅಂತ ಹೊಳೀಲಿಲ್ಲ!

ಅದಕ್ಕಾದ್ರೂ ಒಂದು ನಗು ಬರಬಾರದಾ...

ಸರಿ. ಮಾತಾಡಬೇಡಿ. ಮೊದಲಿಂದಲೂ ನಿಮ್ಮದು ಕಡಿಮೆ, ಈ ಸಲ ಅದನ್ನೂ ಮನೆಯಲ್ಲೇ ಇಟ್ಟು ಬಂದಿದ್ದೀರಿ. ಬೆಳಗ್ಗೆಯಿಂದ ಆಡಿದ್ದು ಎಷ್ಟು? ಎರಡು ಪದ. ‘ಸೀದಾ ಯಲ್ಲಾಪುರ.’ ನಾನು ಹೇಳ್ತೇನೆ, ಇವತ್ತು ಯಲ್ಲಾಪುರ ಬೇಡ, ನಿಮ್ಮ ಅಣ್ಣನ ಮನೆ ಎಲ್ಲಿಗೂ ಓಡಿ ಹೋಗೋದಿಲ್ಲ. ಸಿರ್ಸಿಗೆ ಹೋಗಿ, ಸ್ನಾನ ಮಾಡಿ, ಒಂದು ಅನ್ನ-ಸಾರು ಉಂಡು, ನಮ್ಮ ಹಾಸಿಗೆಯಲ್ಲಿ ಮಲಗಿ... ನಾಳೆ ನೋಡೋಣ. ಅಭಿಜ್ಞಾನೂ ಕಾಯ್ತಿರ್ತಾಳೆ. ಹನ್ನೆರಡು ದಿನ ಆಯ್ತು ಮಗಳ ಮುಖ ನೋಡಿ.

ಯಾಕೆ ಹಾಗೆ ನೋಡ್ತೀರಿ? ನಾನೆಂತ ತಪ್ಪು ಹೇಳಿದೆ?

ಹೋಗಲಿ, ಹೊತ್ತು ಹೋಗಬೇಕಲ್ಲ. ನಾನು ಪುಸ್ತಕ ಓದ್ತೇನೆ, ಕೇಳಿ. ಕಣ್ಣು ಮುಚ್ಕೊಂಡ್ರೂ ಅಡ್ಡಿಲ್ಲ. ಯಾರಾದ್ರೂ ಇಷ್ಟು ಚೆನ್ನಾಗಿ ಪ್ರವಾಸದ ದಾಖಲೆ ಇಟ್ಟಿದ್ದಾರಾ ಹೇಳಿ? ನಿಮ್ಮ ಕಡೆಯವರಿಗೆ ನನ್ನ ಈ ಪುಸ್ತಕ ಅಂದ್ರೆ ತಮಾಷೆ. ಆದ್ರೆ ಮನೆಯಲ್ಲಿ ಒಂದು ವಾದ ಬಂತು ಅಂದ್ರೆ ಕೊನೆಗೆ ಎಲ್ಲರೂ ಬರೋದು ಇಲ್ಲಿಗೇ. ಅಭಿಜ್ಞಾಗೆ ಮೊದಲ ಹಲ್ಲು ಯಾವಾಗ ಬಂತು, ಬಾವಿಯ ನೀರು ಯಾವ ಏಪ್ರಿಲ್ಲಿನಲ್ಲಿ ಎಷ್ಟು ಮೆಟ್ಟಿಲು ಇಳೀತು... ಎಲ್ಲಾ ಇದೆ. ಧಾರವಾಡದಲ್ಲಿ ಬಿಎಸ್ಸಿ ಓದುವಾಗ ಕೆಮಿಸ್ಟ್ರಿ ಲ್ಯಾಬಿನ ಮೇಷ್ಟ್ರು ಒಂದೇ ಮಾತು ಹೇಳೋರು, ಕಂಡದ್ದು ಬರಿ, ಅನಿಸಿದ್ದು ಬರೀಬೇಡ, ಬರೆದದ್ದು ಹರೀಬೇಡ. ಇವತ್ತಿನವರೆಗೂ ಒಂದು ಹಾಳೆ ಹರಿದಿಲ್ಲ ನಾನು.

ಒಂದನೇ ದಿನ. ಸಿರ್ಸಿ ಬಿಟ್ಟಿದ್ದು ಎಂಟು ನಲವತ್ತು. ಇದೇ ಘಟ್ಟ ಇಳಿದದ್ದು. ಮಂಜು. ಕಾರವಾರ ಒಂದೂಕಾಲು. ಸಮುದ್ರಕ್ಕೆ ಮುಖ ಮಾಡಿ ಗಾಡಿ ನಿಲ್ಲಿಸಿದೆವು. ಸೂರ್ಯಾಸ್ತ ಆರು ನಾಲ್ಕು. ಇವರು ಹಾಡು ಗುನುಗಿದರು, ಕೇಳಿದ್ದಕ್ಕೆ ಇಲ್ಲ ಅಂದರು. ಹ್ಹ! ಗುನುಗಿದ್ರಿ. ಬರೆದಿದೆ ಇಲ್ಲಿ.

ಎರಡನೇ ದಿನ. ಕಾರವಾರವೇ. ಬೆಳಗ್ಗೆ ಮರಳಿನ ಮೇಲೆ ಕುರ್ಚಿ ಹಾಕಿ ಚಾ. ಚೆನ್ನಾಗಿದೆ ಅಂದರು. ಮಧ್ಯಾಹ್ನ ಬಿಸಿಲು. ಇವರ ಫೋನಿಗೆ ನೀರು ತಾಗಿತು, ಅಕ್ಕಿ ಡಬ್ಬಿಯಲ್ಲಿ ಇಟ್ಟೆ. ಸಂಜೆ ಅಲ್ಲಿಂದ ಹೊರಟದ್ದು. ಅಷ್ಟೇ. ಮೂರನೇ ದಿನ...

ಎಂತ? ಅಷ್ಟೇ ಅಂದ್ನಲ್ಲ. ಎರಡನೇ ದಿನ ಅಷ್ಟೇ. ಮುಂದೆ ಕೇಳಿ.

ಮೂರನೇ ದಿನ. ಗೋಕರ್ಣ. ಕೋಟಿತೀರ್ಥದ ಮೆಟ್ಟಿಲಲ್ಲಿ ಯಲ್ಲಾಪುರದ ವೆಂಕಟ್ರಮಣ ಭಟ್ಟರು ಸಿಕ್ಕರು. ನಾನು ಬಳೆ ಅಂಗಡಿಯಲ್ಲಿದ್ದೆ. ಇವರ ಹತ್ತಿರ ಐದು ನಿಮಿಷ ಮಾತು. ಎಂತ ಅಂತೆ ಅಂದ್ರೆ, ಎಂತದ್ದೂ ಇಲ್ಲ ಅಂದರು. ಹನ್ನೊಂದು ಇಪ್ಪತ್ತಕ್ಕೆ ಇವರು ಉಟ್ಟ ಪಂಚೆ, ತೊಟ್ಟ ಅಂಗಿಯಲ್ಲೇ ಸಮುದ್ರಕ್ಕೆ ಇಳಿದರು! ಮೂರು ಸಲ ಮುಳುಗಿದರು. ಕನ್ನಡಕವೂ ತೆಗೀಲಿಲ್ಲ... ಅಯ್ಯೋ, ಅದರ ಫೋಟೊ ಇದೆ ನನ್ನ ಫೋನಿನಲ್ಲಿ. ಪ್ರಥಮನಿಗೆ ಕಳಿಸಿ, ನೋಡು ನಿನ್ನ ಅಜ್ಜ ಸಣ್ಣ ಹುಡುಗ ಆಗಿದ್ದಾರೆ ಅಂತ ಬರೆದಿದ್ದೆ. ದೇವಸ್ಥಾನದ ಒಳಗೆ ನಾನೊಬ್ಬಳೇ ಹೋದೆ. ಬಟ್ಟೆ ಒದ್ದೆ, ನೀನು ಹೋಗಿ ಬಾ ಅಂದ್ರಿ.

ನಾಲ್ಕು, ಮುರುಡೇಶ್ವರ. ಇವರು ಗಾಡಿಯಲ್ಲೇ ಕೂತರು. ಮೊಣಕಾಲು ಅಂತೆ. ಸೊಂಟ ನೋವು ಅಂತ ನಿನ್ನೆಯ ಹಾಗೆ ಇವತ್ತು ರಾತ್ರಿಯೂ ಮಂಚದ ಮೇಲೆ ಮಲಗಲಿಲ್ಲ, ಕೆಳಗೆ ಚಾಪೆ ಹಾಸ್ಕೊಂಡರು. ತಲೆಗೆ ಎಣ್ಣೆ ಬೇಡ ಅಂದರು. ಐದು, ಮರವಂತೆ. ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ. ನಡುವೆ ರಸ್ತೆ. ಇಷ್ಟು ಚೆಂದದ್ದನ್ನ ಈ ವಯಸ್ಸಿನವರೆಗೆ ನೋಡದೆ ಇದ್ನಲ್ಲ ಅಂತ ಅಳು ಬಂತು. ಇದು ಅನಿಸಿದ್ದು... ಬರೀಬಾರದಿತ್ತು. ಬರೆದುಬಿಟ್ಟಿದ್ದೇನೆ. ಆರು, ಉಡುಪಿ. ಒಳಗೆ ರಶ್ಶು ಅಂತ ಹೊರಗೇ ನಿಂತರು...

ಏಳು, ಮಂಗಳೂರು. ಸೀರೆ ಅಂಗಡಿ ಮುಂದೆ ನಾನೇ ನಿಂತೆ, ನೆನಪಿದೆಯಾ? ಎಲ್ಲಿಗೆ ಹೋದ್ರೂ ನಿಮ್ಮದು ಮೊದಲ ಮಾತು, ‘ಅತ್ತಿಗೆಗೆ ಎಂತಾದ್ರೂ ತಗೊಳ್ಳುವ.’ ಹುಬ್ಬಳ್ಳಿಗೆ ಹೋಗಿ ಪೈಪು ತಂದ್ರೂ ಅದರ ಜೊತೆ ಅತ್ತಿಗೆಗೆ ಒಂದು ನೂಲಿನ ಸೀರೆ. ಈ ಸಲ ಬೇಡ ಅಂದ್ರಿ. ಬೇಡ ಅಂತ ಸೀದಾ ನಡೆದ್ರಿ. ನಾನು ದೇವರೇ ಬದುಕಿದೆ ಅಂದ್ಕೊಂಡೆ.

ಯಾಕೆ ಬದುಕಿದೆ ಅಂತ ಕೇಳೋದಿಲ್ವಾ?

ಕೇಳಿ ಮಾರಾಯ್ರೆ. ಒಂದು ಸಲ ಕೇಳಿ. ಕೇಳಿದ್ರೆ ನನಗೂ ಸುಲಭ ಆಗ್ತದೆ...

ಕ್ರೇನಿನ ಸದ್ದಾ ಅದು? ಅಲ್ಲ. ಯಾರೋ ಇಂಜಿನ್ ಚಾಲೂ ಮಾಡಿ ನೋಡ್ತಿದ್ದಾರೆ. ನೋಡಿ, ಈ ಲಾರಿ ಎದ್ದರೆ ಒಂದು ತಾಸಿಗೆ ಸಿರ್ಸಿ. ಸಿರ್ಸಿಯ ನಾಕೆಯಲ್ಲಿ ನೀವು ಯಲ್ಲಾಪುರದ ದಾರಿ ಹಿಡೀತೀರಿ, ನನಗೆ ಗೊತ್ತು. ನಿಮ್ಮ ಕೈ ಸ್ಟಿಯರಿಂಗಿನ ಮೇಲೆ ಹ್ಯಾಗೆ ಕೂತಿದೆ ನೋಡಿದ್ರೇ ಗೊತ್ತಾಗ್ತದೆ. ಅಲ್ಲಿ ಅಂಗಳಕ್ಕೆ ಗಾಡಿ ಹೋಗಿ ನಿಂತರೆ... ಅದಕ್ಕಿಂತ ಮೊದಲು ನಾನು ಹೇಳಬೇಕು. ಇಲ್ಲೇ ಹೇಳಬೇಕು. ಇಳಿದು ಓಡಲಿಕ್ಕೆ ನನಗೂ ಬಾಗಿಲಿಲ್ಲ.

ಮೊದಲು ಇದು ಕೇಳಿ. ಮದುವೆಯಾಗಿ ಎರಡನೇ ತಿಂಗಳು, ಜೋಗ ನೋಡಲಿಕ್ಕೆ ಅಂತ ಹೊರಟೆವು. ಸಿದ್ದಾಪುರ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಅಣ್ಣನ ಮನೆ ಆಳು ಬಂದು ನಿಂತ, ‘ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದಾರೆ’ ಅಂತ. ತಿರುಗಿದೆವು. ಹೋಗಿ ನೋಡಿದ್ರೆ ನಿಮ್ಮ ಅತ್ತಿಗೆ ಕೂತು ವೀಳ್ಯ ಹಾಕ್ತಿದ್ರು. ‘ಬಂದ್ಯಾ ತಮಾ? ಆಸ್ರಿಗೆ ಕುಡಿ’ ಅಂತ ನೀರು-ಬೆಲ್ಲ ತರಿಸಿದ್ರು. ಎರಡನೇ ಸಲ, ನಮ್ಮ ಕಾಲೇಜು ಗೆಳತಿಯರ ಜೊತೆ ಕನ್ಯಾಕುಮಾರಿ. ಸೂಟ್‌ಕೇಸು ಕಟ್ಟಿ ಆಗಿತ್ತು. ಅತ್ತಿಗೆಗೆ ಜ್ವರ. ಮೂರನೇ ಸಲ ನಿಮ್ಮ ರಿಟೈರ್‌ಮೆಂಟಿಗೆ ಗೋವಾ ಅಂತ ಹೊರಟು, ದಾರಿಯಲ್ಲಿ ಬೀಗರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಫೋನು. ಎಲೆ ಬಿಟ್ಟು ಎದ್ರಿ. ನಾನೂ ಎದ್ದೆ. ಮೂರು ಸಲಕ್ಕೂ ತಾರೀಕಿದೆ, ಬೇಕಾದ್ರೆ ಹಳೇ ಪುಸ್ತಕ ತೆಗೆದು ತೋರಿಸ್ತೇನೆ.

ಅವರು ನಿಮ್ಮನ್ನ ಸಾಕಿದವರು, ಗೊತ್ತು. ನೀವು ಆರು ವರ್ಷದವರಿದ್ದಾಗ ನಿಮ್ಮನ್ನ ಹೆತ್ತ ಆಯಿ ಹೋದ್ರು, ಹದಿನೆಂಟು ವರ್ಷದ ಮದುಮಗಳಾಗಿ ಬಂದವಳು ನಿಮ್ಮನ್ನ ಸೊಂಟದ ಮೇಲೆ ಎತ್ಕೊಂಡಳು. ನಲವತ್ತು ವರ್ಷದಿಂದ ಕೇಳ್ತಿದ್ದೇನೆ ಇದನ್ನ. ನಾನು ಇಲ್ಲ ಅಂದ್ನಾ ಯಾವತ್ತಾದ್ರೂ? ಆದ್ರೆ ನನ್ನ ಕಂಡ್ರೆ ಅವರಿಗೆ... ‘ತಂಗಿ, ನಿಂದು ರೇಡಿಯೊ ಮಾತು. ಎಂಗಕ್ಕೆ ತಿಳೀತಿಲ್ಲೆ’ ಅನ್ನೋರು. ಹತ್ತು ಜನರ ಎದುರಿಗೆ. ನಾನೂ ಬಿಡಲಿಲ್ಲ, ಆಮೇಲೆ ಅವರ ಹತ್ತಿರ ಶುದ್ಧ ಕನ್ನಡದ ರೇಡಿಯೊ ಮಾತೇ ಆಡಿದೆ. ಬೇಕಂತಲೇ ಆಡಿದೆ.

ನನಗೆ ಸಮುದ್ರ ನೋಡಬೇಕಿತ್ತು. ಮನೆಯಿಂದ ಅರವತ್ತು ಕಿಲೋಮೀಟರಿನಲ್ಲಿ ಸಮುದ್ರ, ನಾನು ನೋಡಿದ್ದು ಮುಂಜಿ-ಮದುವೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ. ಹನ್ನೆರಡು ದಿನ ಅದರ ಪಕ್ಕದಲ್ಲೇ ಮಲಗಿ ಏಳಬೇಕು, ನಡುವೆ ಯಾರೂ ಕರೀಬಾರದು. ಇಷ್ಟೇ ಕೇಳಿದ್ದು ನಾನು.

ಅತ್ತಿಗೆ ಹೋದರು.

...ಹೇಳಿದೆ. ಹೇಳಿಯೇಬಿಟ್ಟೆ. ನಾವು ಕಾರವಾರದಲ್ಲಿದ್ದಾಗ. ಎರಡನೇ ದಿನ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ. ಅವರ ಮಗ ಕಿರಣನ ಮೆಸೇಜು ಬಂದಿತ್ತು ನಿಮ್ಮ ಫೋನಿಗೆ, ‘ಚಿಕ್ಕಪ್ಪ, ಆಯಿ ಹೋದಳು’ ಅಂತ. ನಾನು ಅಳಿಸಿದೆ. ಫೋನಿಗೆ ನೀರು ತಾಗಲಿಲ್ಲ, ಸಿಮ್ಮು ನನ್ನ ಪರ್ಸಿನಲ್ಲಿದೆ. ಅಭಿಜ್ಞಾಗೆ ನಾನೇ ತಾಕೀತು ಮಾಡಿದ್ದು, ಅಪ್ಪನಿಗೆ ಬಿಪಿ, ಡ್ರೈವಿಂಗಿನಲ್ಲಿದ್ದಾರೆ, ಹೊತ್ತು ನೋಡಿ ನಾನೇ ಹೇಳ್ತೇನೆ, ನೀನು ಬಾಯಿ ಬಿಡಬೇಡ ಅಂತ. ಅವಳು ಅತ್ತಳು. ನನ್ನ ಮಾತು ಮೀರಿ ಗೊತ್ತಿಲ್ಲ ಅವಳಿಗೆ. ನಾಳೆ ಅವರ ಹನ್ನೆರಡನೇ ದಿನ. ಅದಕ್ಕಾದ್ರೂ ಚಿಕ್ಕಪ್ಪ ಬರಲಿ ಅಂತ ಮತ್ತೆ ಬರೆದಿದ್ದಾನೆ, ನನ್ನ ಫೋನಿಗೆ. ಅದಕ್ಕೇ ಮೊನ್ನೆ ಬೇಕಲ ಕೋಟೆಯಿಂದಲೇ ತಿರುಗೋಣ ಅಂದದ್ದು ನಾನು. ಸಾಕಾಯ್ತು ಅಂತಲ್ಲ.

ಬೈಯಿರಿ. ಹೊಡೀರಿ ಬೇಕಾದ್ರೆ. ಒಂದು ಸಲವೂ ಹೊಡೀಲಿಲ್ಲ ನೀವು, ಇವತ್ತು ಹೊಡೀರಿ...



ಅಲ್ಲ... ಹ್ಯಾಗೆ ಹೋದರು ಅಂತ ಕೇಳಲಿಲ್ಲ ನೀವು. ಯಾರು ಬೆಂಕಿ ಕೊಟ್ಟರು ಅಂತ ಕೇಳಲಿಲ್ಲ. ಇದೆಂತ, ಕಲ್ಲಿನ ಹಾಗೆ...

ಒಂದು ನಿಮಿಷ. ಪುಸ್ತಕ ಎಲ್ಲಿ... ಹಾಂ, ಇಲ್ಲಿದೆ.

ಮೂರನೇ ದಿನ. ವೆಂಕಟ್ರಮಣ ಭಟ್ಟರು. ಐದು ನಿಮಿಷ ಮಾತು. ಹನ್ನೊಂದು ಇಪ್ಪತ್ತು... ಉಟ್ಟ ಪಂಚೆ, ತೊಟ್ಟ ಅಂಗಿ, ಮೂರು ಸಲ... ಅಯ್ಯಯ್ಯೋ. ಸಾವಿನ ಸುದ್ದಿ ಕೇಳಿದವರು ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡೋದು. ನನ್ನ ಅಪ್ಪ ಮಾಡಿದ್ದನ್ನ ನಾನೇ ನೋಡಿದ್ದೇನೆ, ಸಣ್ಣವಳಿದ್ದಾಗ. ಸೂತಕ ಅಂತಲೇ ದೇವಸ್ಥಾನದ ಮೆಟ್ಟಿಲು ಹತ್ತಲಿಲ್ಲ ನೀವು, ಎಲ್ಲಿಯೂ ಹತ್ತಲಿಲ್ಲ. ಚಾಪೆ. ಎಣ್ಣೆ. ಗಡ್ಡ. ನಿನ್ನೆ ಹತ್ತನೇ ದಿನ, ಮೀಸೆ... ನಾನು ನಗ್ತಾ ಇದ್ದೆ. ಈಗ ಒಂದು ತಾಸಿನ ಹಿಂದೆ ಬಾಯಿಗೆ ಸೆರಗು ಇಟ್ಕೊಂಡು ನಗ್ತಾ ಇದ್ದೆ! ಆ ಫೋಟೊ... ಪ್ರಥಮನಿಗೆ ಕಳಿಸಿದ್ದೇನಲ್ರಿ. ಅವನ ಅಮ್ಮನಲ್ವಾ, ಅಭಿಜ್ಞಾ ನೋಡಿರ್ತಾಳೆ. ಅವಳಿಗೆ ಗೊತ್ತಾಗಿರ್ತದೆ.

ಎಲ್ಲಾ ಬರೆದಿದ್ದೇನೆ. ಒಂದೂ ಬಿಟ್ಟಿಲ್ಲ. ನನ್ನದೇ ಅಕ್ಷರ.

ಹತ್ತು ದಿನ ಗೊತ್ತಿತ್ತು ನಿಮಗೆ? ಗೊತ್ತಿದ್ದೂ ನನ್ನ ಪಕ್ಕದಲ್ಲಿ ಕೂತು ಮರವಂತೆಯಲ್ಲಿ ‘ನೋಡು, ನೋಡು’ ಅಂತ ತೋರಿಸಿದ್ರಾ? ಯಾಕೆ ತಿರುಗಿಸಲಿಲ್ಲ ಗಾಡಿ? ಸುಟ್ಟು ಆಗಿತ್ತು, ಇನ್ನು ಹೋಗಿ ಎಂತ ಮಾಡೋದು ಅಂತಲಾ? ಇವಳು ಒಂದು ಸಲ ಸಮುದ್ರ ನೋಡ್ಲಿ ಅಂತಲಾ? ಅಥವಾ... ಇವಳೇ ಹೇಳ್ಲಿ, ಯಾವಾಗ ಹೇಳ್ತಾಳೆ ನೋಡುವ ಅಂತ... ಪ್ರತಿ ದಿನ ಬೆಳಗ್ಗೆ ಚಾ ಕೊಡುವಾಗ ನನ್ನ ಮುಖ ನೋಡ್ತಿದ್ರಿ. ನಾನು ಪ್ರೀತಿ ಅಂದ್ಕೊಂಡೆ. ಹೇಳಿ, ಯಾವುದು? ಎರಡರಲ್ಲಿ ಯಾವುದು ಅಂತ ಹೇಳಿ!

ಸರಿ. ಹೇಳಬೇಡಿ. ಯಲ್ಲಾಪುರಕ್ಕೇ ಹೋಗೋಣ. ಕಿರಣನ ಎದುರಿಗೆ ನಾನೇ ನಿಲ್ತೇನೆ. ಚಿಕ್ಕಪ್ಪನದ್ದು ತಪ್ಪಿಲ್ಲ, ಮೆಸೇಜು ನೋಡಿದ್ದು ನಾನು, ನೋಡುವಾಗ ಎಲ್ಲಾ ಮುಗಿದಿತ್ತು, ಹೊರಟಿದ್ರೂ ಜೀವ ಇದ್ದ ಮುಖ ನೋಡ್ಲಿಕ್ಕೆ ಸಿಗ್ತಿರಲಿಲ್ಲ ಅಂತ...

ಎಂತಕ್ಕೆ ಪುಸ್ತಕ ಎಳೀತೀರಿ? ಹಿಂದೆ ಯಾಕೆ ತಿರುವ್ತೀರಿ? ಎರಡನೇ ದಿನ ಓದಿ ಆಯ್ತಲ್ಲ. ಚಾ. ಬಿಸಿಲು. ಅಕ್ಕಿ ಡಬ್ಬಿ. ಬೆರಳು ತೆಗೀರಿ ಅಲ್ಲಿಂದ. ಅದು ಶಾಯಿ ಚೆಲ್ಲಿದ್ದು. ಪೆನ್ನು ಸೋರ್ತಾ ಇತ್ತು.

ಹಾಗೆ ನೋಡಬೇಡಿ ನನ್ನನ್ನ.

ಮುಂದಿನ ಗಾಡಿ ಹೊರಟಿತು, ನೋಡಿ! ಲಾರಿ ಎದ್ದಿದೆ. ಹೊರಡಿ. ಚಾವಿ ತಿರುಗಿಸಿ... ಹಿಂದೆ ಬಸ್ಸಿನವ ಹಾರ್ನು ಹೊಡೀತಿದ್ದಾನೆ, ಕೇಳೋದಿಲ್ವಾ ನಿಮಗೆ? ಕೈ ಕಟ್ಕೊಂಡು ಕೂತ್ರೆ ಹ್ಯಾಗೆ? ಅಷ್ಟೂ ಜನ ನಮ್ಮಿಂದಾಗಿ ನಿಂತಿದ್ದಾರೆ! ಡ್ರೈವರಣ್ಣಾ, ಒಂದು ನಿಮಿಷ, ಒಂದೇ ನಿಮಿಷ... ಹೊರಡ್ರಿ, ನಿಮ್ಮ ಕಾಲಿಗೆ ಬೀಳ್ತೇನೆ...

ಹೇಳದೆ ಹೊರಡೋದಿಲ್ಲ ಅಂತೀರಾ?

ಭಟ್ಟರು ಅದನ್ನೂ ಹೇಳಿದ್ರಾ? ಕಿರಣ ಊರಿಗೆಲ್ಲ ಹೇಳಿರ್ತಾನೆ, ಅವತ್ತು ಬೆಳಗ್ಗೆಯೇ ಚಿಕ್ಕಮ್ಮಂಗೆ ಫೋನು ಮಾಡಿದ್ದೆ ಅಂತ.

ಶಾಯಿ ಚೆಲ್ಲಿದ್ದಲ್ಲ. ನಾನೇ ಹೊಡೆದು ಹಾಕಿದ್ದು. ಹರೀಲಿಕ್ಕೆ ಕೈ ಬರಲಿಲ್ಲ. ಏಳು ಹತ್ತು ಅಂತ ಇದೆ ಅದರ ಅಡಿಗೆ. ಏಳು ಹತ್ತು, ಫೋನು, ಯಲ್ಲಾಪುರ. ನೀವು ನೀರಿನ ಅಂಚಿನಲ್ಲಿ ಪಂಚೆ ಎತ್ತಿ ಕಟ್ಕೊಂಡು ನಿಂತಿದ್ರಿ. ‘ಚಿಕ್ಕಮ್ಮ, ಆಯಿ ರಾತ್ರಿಯಿಂದ ತಮ್ಮ ಬಂದ್ನಾ, ತಮ್ಮ ಬಂದ್ನಾ ಹೇಳ್ತಾ ಇದ್ದು. ಡಾಕ್ಟರು ಸಂಜೆವರೆಗೆ ಅಂದ. ಚಿಕ್ಕಪ್ಪಂಗೆ ಹೇಳಿ.’ ಹೇಳ್ತೇನೆ ಅಂದೆ.

ಉಸಿರಿತ್ತು ಆಗ.

ಫೋನಿಟ್ಟು ನಕ್ಷೆ ತೆಗೆದು ನೋಡಿದೆ. ಅದನ್ನೂ ಬರೆದಿದ್ದೇನೆ, ಬೆಳಕಿಗೆ ಹಿಡಿದ್ರೆ ಕಾಣ್ತದೆ. ಕಾರವಾರದಿಂದ ಯಲ್ಲಾಪುರ, ಕೈಗಾ ಮೇಲಿಂದ, ತೊಂಬತ್ತೈದು ಕಿಲೋಮೀಟರು. ಎರಡೂವರೆ ತಾಸು. ಹತ್ತು ಗಂಟೆಯ ಒಳಗೆ ನೀವು ಅಲ್ಲಿರ್ತಿದ್ರಿ. ನೀವು ತಿರುಗಿ ನೋಡಿ, ಯಾರದು ಅಂತ ಕೈಯಲ್ಲೇ ಕೇಳಿದ್ರಿ. ಕಂಪನಿಯವರದ್ದು ಅಂತ ನಾನೂ ಕೈ ಮಾಡಿದೆ. ಒಲೆ ಹಚ್ಚಿದೆ. ಮರಳಿನ ಮೇಲೆ ಕುರ್ಚಿ ಹಾಕಿದೆ. ಚಾ ಕೊಟ್ಟು, ಸಕ್ಕರೆ ಸಾಕಾ ಅಂತ ಕೇಳಿದೆ.

ಚೆನ್ನಾಗಿದೆ ಅಂದ್ರಿ.